ಎಂಎಸ್ ಇರುವವರ ಮರೆವು, ನಿಧಾನ, ಗೊಂದಲ: ದಿನನಿತ್ಯದ ಬದುಕಿನಲ್ಲಿ ಅಳೆಯುವುದು ಹೇಗೆ

ಬೇಳೆ ಇಟ್ಟಾಗಿದೆ, ಮೂರು ವಿಷಲ್‌ಗೆ ಒಲೆ ಆರಿಸಬೇಕು. ಎರಡನೆಯ ವಿಷಲ್ ಹೊತ್ತಿಗೆ ಮಗಳು ಬಂದು ಸ್ಕೂಲ್ ವ್ಯಾನಿನ ದುಡ್ಡು ಕೇಳುತ್ತಾಳೆ. ಅವಳಿಗೆ ಉತ್ತರ ಕೊಟ್ಟು ಒಲೆಯ ಕಡೆ ತಿರುಗಿದರೆ ಎಷ್ಟು ವಿಷಲ್ ಆಯಿತೆಂಬುದು ತಲೆಯಲ್ಲಿಲ್ಲ. ಯಾರಿಗಾದರೂ ಒಮ್ಮೊಮ್ಮೆ ಹೀಗಾಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಎಂಬ ಮಿದುಳು, ಬೆನ್ನುಹುರಿಯ ಕಾಯಿಲೆ ಇರುವವರಿಗೆ ವಾರಕ್ಕೆ ನಾಲ್ಕು ಸಲ ಆಗಬಹುದು. ಮೊದಲು ತಾನು ಹೀಗಿರಲಿಲ್ಲ ಎಂಬುದೂ ಅವರಿಗೆ ಗೊತ್ತಿರುತ್ತದೆ. ಆದರೆ ನರತಜ್ಞರ ಕೋಣೆಯಲ್ಲಿ ಕೂತ ಹತ್ತು ನಿಮಿಷದಲ್ಲಿ ಈ ಮಾತಿಗೆ ಜಾಗವೇ ಸಿಗುವುದಿಲ್ಲ. ನಡಿಗೆ, ಕಣ್ಣು, ಮೂತ್ರದ ತೊಂದರೆ, ಎಂಆರ್‌ಐ ವರದಿ ಎನ್ನುವಷ್ಟರಲ್ಲಿ ಹೊರಗಿನಿಂದ ಮುಂದಿನವರ ಹೆಸರು ಕೂಗುತ್ತಾರೆ.

ಎಂಎಸ್ ಇರುವವರಲ್ಲಿ ನೂರಕ್ಕೆ 40ರಿಂದ 65 ಮಂದಿಗೆ ಯೋಚನೆ, ನೆನಪು, ಗಮನಕ್ಕೆ ಸಂಬಂಧಿಸಿದ ಯಾವುದಾದರೊಂದು ತೊಡಕು ಇರುತ್ತದೆ. ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಹಾಳಾದಾಗ ಮಿದುಳಿನೊಳಗೆ ಸಂದೇಶ ಸಾಗುವುದು ತಡವಾಗುತ್ತದೆ. ಹಾಗಾಗಿ ಹೆಚ್ಚಿನವರಲ್ಲಿ ಮೊದಲು ಕುಗ್ಗುವುದು ವೇಗ: ಕೇಳಿದ್ದು ಅರ್ಥವಾಗಲು, ಉತ್ತರ ಹೊಳೆಯಲು ಹಿಡಿಯುವ ಸಮಯ. ಅದರ ಹಿಂದೆಯೇ ಹೊಸದನ್ನು ಕಲಿತು ಇಟ್ಟುಕೊಳ್ಳುವುದು ಕಷ್ಟವಾಗುತ್ತದೆ. ಕೆಲವರಿಗೆ ಎರಡು ಕೆಲಸ ಒಟ್ಟಿಗೆ ನಿಭಾಯಿಸುವುದು, ಕೆಲಸವನ್ನು ಮೊದಲೇ ಯೋಜಿಸುವುದು ತೊಡಕು. ಮಾತು, ಹಳೆಯ ತಿಳಿವಳಿಕೆ, ಓದು ಬರಹ ಬಹುತೇಕ ಹಾಗೇ ಉಳಿಯುತ್ತವೆ. ‘ಚೆನ್ನಾಗೇ ಮಾತಾಡ್ತಾಳಲ್ಲ, ಏನಾಗಿದೆ ಇವಳಿಗೆ?’ ಎಂದು ನೆಂಟರು ಕೇಳುವುದು ಇದರಿಂದಲೇ. ಆ ಪ್ರಶ್ನೆ ಎಷ್ಟು ನೋಯಿಸುತ್ತದೆ ಎಂದು ಕೇಳಿದವರಿಗೆ ತಿಳಿಯುವುದಿಲ್ಲ.

ಹೀಗಾಗಿ ಅಳೆಯಬೇಕಾದ್ದು ಬುದ್ಧಿ ಎಷ್ಟಿದೆ ಎಂಬುದನ್ನಲ್ಲ. ಯಾವ ಕೆಲಸ, ಯಾವ ಹೊತ್ತಿನಲ್ಲಿ, ಯಾವ ಗದ್ದಲದ ನಡುವೆ ಕೈ ತಪ್ಪುತ್ತದೆ ಎಂಬುದನ್ನು. ಇದಕ್ಕೆ ಹದಿನಾಲ್ಕು ದಿನದ ದಾಖಲೆ, ರೋಗಿಯೊಂದಿಗೆ ಮಾತು, ಹತ್ತಿರದವರೊಂದಿಗೆ ಮಾತು, ಒಂದು ನಿಜವಾದ ಕೆಲಸವನ್ನು ಪಕ್ಕದಲ್ಲಿ ಕೂತು ನೋಡುವುದು, ಕೊನೆಗೆ ಕ್ಲಿನಿಕ್ಕಿನ ಪರೀಕ್ಷೆ, ಇಷ್ಟೂ ಬೇಕು. ಯಾವುದೊಂದೇ ಸಾಲದು.

ಮೊದಲು ಹೊತ್ತು ಸರಿಯಿದೆಯೇ ನೋಡಿ

ಅಟ್ಯಾಕ್ (ಕಾಯಿಲೆ ಥಟ್ಟನೆ ಉಲ್ಬಣಿಸುವುದು) ನಡೆಯುತ್ತಿರುವಾಗ, ಸ್ಟೀರಾಯ್ಡ್ ಡ್ರಿಪ್ ಹಾಕಿದ ವಾರದಲ್ಲಿ ಅಳೆಯಲು ಕೂರಬೇಡಿ. ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಕೊಡುವುದು ವಾಡಿಕೆ. ಆ ದಿನಗಳಲ್ಲಿ ನಿದ್ದೆ ಕೆಡುತ್ತದೆ, ನೆನಪು ಸ್ವಲ್ಪ ಕಾಲ ಮಂಕಾಗುತ್ತದೆ. ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಆರು ವಾರ ಬಿಟ್ಟು ಶುರು ಮಾಡಿ. ಈಗ ಸಿಗುವ ಲೆಕ್ಕವೇ ಮುಂದಿನ ವರ್ಷಗಳಿಗೆ ಅಳತೆಗೋಲು. ಅದು ಕೆಟ್ಟ ದಿನದ್ದಾದರೆ ಮುಂದಿನ ಹೋಲಿಕೆಗಳೆಲ್ಲ ದಾರಿ ತಪ್ಪುತ್ತವೆ.

ಜ್ವರ, ಉರಿಮೂತ್ರ ಇದ್ದರೆ ಅದು ವಾಸಿಯಾಗಲಿ. ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಹಾನಿಯಾದ ನರತಂತುವಿನಲ್ಲಿ ಸಂದೇಶ ಇನ್ನಷ್ಟು ನಿಧಾನವಾಗಬಹುದು. 1890ರಲ್ಲಿ ಇದನ್ನು ಗುರುತಿಸಿದ ಜರ್ಮನ್ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಉಥಾಫ್ ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಏಪ್ರಿಲ್ ಮಧ್ಯಾಹ್ನ ರಾಯಚೂರು, ಕಲಬುರಗಿಯಲ್ಲಿ ಬಸ್ಸಿಳಿದು ನೇರ ಪರೀಕ್ಷೆಗೆ ಕೂತವರ ಅಂಕದಲ್ಲಿ ಕಾಯಿಲೆಯ ಪಾಲೆಷ್ಟು, ಬಿಸಿಲಿನ ಪಾಲೆಷ್ಟು ಎಂದು ಬಿಡಿಸಲಾಗುವುದಿಲ್ಲ. ತಂಪಾದ ಕೋಣೆ, ಬೆಳಗಿನ ಹೊತ್ತು, ಅರ್ಧ ಗಂಟೆ ವಿಶ್ರಾಂತಿ ಆದ ಮೇಲೆ ಶುರು ಮಾಡಿ.

ಮಾತ್ರೆಗಳ ಪಟ್ಟಿಯನ್ನು ಒಮ್ಮೆ ಓದಿ. ಮೂತ್ರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನೋವಿಗೋ ನಿದ್ದೆಗೋ ಕೊಡುವ ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್, ಕ್ಲೊನಾಜೆಪಾಮ್, ಇವೆಲ್ಲ ತಲೆಯನ್ನು ಮಂಕು ಮಾಡಬಲ್ಲವು. ಅಂತ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಬ್ಯಾಕ್ಲೊಫೆನ್, ಕ್ಲೊನಾಜೆಪಾಮ್ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಯಾವುದನ್ನು, ಎಷ್ಟು, ಯಾವ ಹೊತ್ತಿಗೆ ತೆಗೆದುಕೊಂಡಿದ್ದಾರೆಂದು ಬರೆದಿಟ್ಟರೆ ಸಾಕು, ಉಳಿದದ್ದು ವೈದ್ಯರ ಕೆಲಸ. ಥೈರಾಯ್ಡ್ ಮತ್ತು ಬಿ12 ನೋಡಿಸಿ ಒಂದು ವರ್ಷವಾಗಿದ್ದರೆ ಆ ಎರಡು ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಿ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದನ್ನು ತುಂಬಿಸುವುದೂ ಸುಲಭ.

ಇಲ್ಲಿ ಒಂದು ಎಚ್ಚರಿಕೆ. ಕೆಲವೇ ದಿನ, ವಾರಗಳಲ್ಲಿ ಗೊಂದಲ ಏರುತ್ತಾ ಹೋದರೆ, ನಡವಳಿಕೆ ಬದಲಾದರೆ, ಜೊತೆಗೆ ಒಂದು ಪಕ್ಕ ಸೋತರೆ ಡೈರಿ ಬರೆಯುತ್ತಾ ಕೂರಬೇಡಿ, ಆ ದಿನವೇ ನರತಜ್ಞರಿಗೆ ಫೋನ್ ಮಾಡಿ. ಹೊಸ ಅಟ್ಯಾಕ್ ಇರಬಹುದು. ನಟಾಲಿಜುಮಾಬ್ ಎಂಬ ಎಂಎಸ್ ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ ಪಿಎಂಎಲ್ ಎಂಬ ಮಿದುಳಿನ ಅಪಾಯಕಾರಿ ಸೋಂಕು ಹೀಗೆಯೇ ಶುರುವಾಗಬಹುದು.

ಹದಿನಾಲ್ಕು ದಿನದ ದಾಖಲೆ

ಒಂದು ಸಾಲುಗೆರೆಯ ನೋಟ್‌ಬುಕ್ ಸಾಕು. ಪ್ರತಿ ಎಡವಟ್ಟಿಗೂ ಐದು ವಿವರ ಬೇಕು: ದಿನ ಮತ್ತು ಹೊತ್ತು, ಏನು ಮಾಡುತ್ತಿದ್ದರು, ಏನು ತಪ್ಪಿತು, ಆಗ ಸುತ್ತ ಏನು ನಡೆಯುತ್ತಿತ್ತು, ಹೇಗೆ ಸರಿಮಾಡಿಕೊಂಡರು. ಅಂಚಿನಲ್ಲಿ ಆ ಹೊತ್ತಿನ ಸುಸ್ತಿಗೆ 0ಯಿಂದ 10ರೊಳಗೆ ಒಂದು ಅಂಕಿ. ದಿನಕ್ಕೊಮ್ಮೆ, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಆಯಿತೆಂದು. ಒಂದು ಸಾಲು ಹೀಗಿರಬಹುದು:

‘ಮಂಗಳವಾರ ಬೆಳಿಗ್ಗೆ 8:10. ಕರೆಂಟ್ ಬಿಲ್ ಕಟ್ಟುತ್ತಿದ್ದೆ. ಓಟಿಪಿಯ ಆರು ಅಂಕಿ ಓದಿ ಆಪ್‌ಗೆ ವಾಪಸ್ ಬರುವಷ್ಟರಲ್ಲಿ ಕೊನೆಯ ಮೂರು ಹೋಯಿತು, ಎರಡು ಸಲ. ಟಿವಿ ಹಾಕಿತ್ತು, ಅತ್ತೆ ಏನೋ ಕೇಳುತ್ತಿದ್ದರು. ಚೀಟಿಯಲ್ಲಿ ಬರೆದುಕೊಂಡು ಹಾಕಿದೆ, ಆಯಿತು. ಸುಸ್ತು 3.’

ಈ ಒಂದು ಸಾಲಿನಲ್ಲಿ ಎಷ್ಟಿದೆ ನೋಡಿ. ಸುಸ್ತು ಕಡಿಮೆಯಿದ್ದಾಗಲೂ ಆಗಿದೆ, ಆದ್ದರಿಂದ ದಣಿವೊಂದೇ ಕಾರಣವಲ್ಲ. ಆರು ಅಂಕಿಯನ್ನು ಕೆಲವು ಸೆಕೆಂಡು ತಲೆಯಲ್ಲಿ ಹಿಡಿದಿಡುವುದು ಗದ್ದಲದಲ್ಲಿ ಆಗುತ್ತಿಲ್ಲ. ಬರೆದುಕೊಂಡರೆ ಆಗುತ್ತದೆ. ‘ಮರೆವು ಜಾಸ್ತಿಯಾಗಿದೆ’ ಎಂದು ಇಡೀ ಪುಟ ಬರೆದರೂ ಇದರ ಕಾಲುಭಾಗ ತಿಳಿಯುವುದಿಲ್ಲ.

ಡೈರಿ ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮರೆಯುವವರಿಗೆ ಬರೆಯುವುದೂ ಮರೆಯುತ್ತದೆ. ರಾತ್ರಿ ನೆನಪು ಮಾಡಿಕೊಂಡು ಬರೆದರೆ ದೊಡ್ಡ ಅವಮಾನಗಳಷ್ಟೇ ಉಳಿದು ಚಿಕ್ಕವು ಜಾರಿಹೋಗುತ್ತವೆ. ಇದಕ್ಕೆ ಒಳ್ಳೆಯ ದಾರಿ ವಾಟ್ಸಾಪ್. ತಮ್ಮ ನಂಬರಿಗೇ ತಾವು ವಾಯ್ಸ್ ಮೆಸೇಜ್ ಕಳಿಸಿಕೊಳ್ಳಲಿ. ಕೈ ನಡುಗುವವರಿಗೂ ಸುಲಭ, ಹೊತ್ತು ತಾನೇ ದಾಖಲಾಗುತ್ತದೆ. ಸಂಜೆ ಕೂತು ನೋಟ್‌ಬುಕ್‌ಗೆ ಇಳಿಸಬಹುದು. ಮನೆಯವರು ಅವರ ಪರವಾಗಿ ಬರೆಯುವುದು ಬೇಡ. ತನ್ನ ತಪ್ಪಿನ ಲೆಕ್ಕವನ್ನು ಇನ್ನೊಬ್ಬರು ಇಡುತ್ತಿದ್ದಾರೆ ಎನಿಸಿದ ಕ್ಷಣದಿಂದ ಮನುಷ್ಯ ಮುಚ್ಚಿಡಲು ಕಲಿಯುತ್ತಾನೆ.

ಸರಿಯಾಗಿ ಆದದ್ದನ್ನೂ ಎಣಿಸಿ. ಎರಡು ವಾರದಲ್ಲಿ ಮೂರು ಸಲ ಹಾಲು ಉಕ್ಕಿತು ಎಂಬುದಕ್ಕೆ ಬೆಲೆ ಬರುವುದು ಎಷ್ಟು ಸಲ ಕಾಯಿಸಿದರು ಎಂದು ಗೊತ್ತಿದ್ದಾಗ. ಇಪ್ಪತ್ತೆಂಟು ಸಲದಲ್ಲಿ ಮೂರಾದರೆ ಒಂದು ಮಾತು, ನಾಲ್ಕರಲ್ಲಿ ಮೂರಾದರೆ ಬೇರೆಯೇ ಮಾತು.

ಹದಿನೈದನೆಯ ದಿನ ಸಾಲುಗಳನ್ನು ವಿಂಗಡಿಸಿ. ನಿಧಾನದಿಂದ ಕೆಟ್ಟದ್ದು ಒಂದು ಕಡೆ, ನಡುವೆ ಯಾರೋ ತಡೆದಾಗ ಕಡಿದುಹೋದದ್ದು ಒಂದು ಕಡೆ, ಮಾಡಬೇಕೆಂಬುದೇ ಹೊಳೆಯದೆ ತಪ್ಪಿದ್ದು (ಮಾತ್ರೆ, ಫೀಸಿನ ಕೊನೆಯ ದಿನ) ಇನ್ನೊಂದು ಕಡೆ. ಉಳಿದ ‘ಮರೆವು’ಗಳಲ್ಲಿ ಬಹು ಮುಖ್ಯವಾದ ಒಂದು ವ್ಯತ್ಯಾಸವಿದೆ. ಸಣ್ಣ ಸುಳಿವು ಕೊಟ್ಟರೆ ನೆನಪಾಗುತ್ತದೆಯೇ? ‘ಡಾಕ್ಟರ್ ಏನೋ ಹೇಳಿದ್ರಲ್ಲ, ರಕ್ತದ್ದು...’ ಎಂದಾಗ ‘ಹಾಂ, ಖಾಲಿ ಹೊಟ್ಟೇಲಿ ಕೊಡಬೇಕು’ ಎಂದು ಬಂದರೆ ವಿಷಯ ಒಳಗಿದೆ, ಹೊರಗೆ ತರುವುದು ಕಷ್ಟವಾಗಿದೆ. ಸುಳಿವು ಕೊಟ್ಟರೂ ಖಾಲಿಯಾದರೆ ಕೇಳುವಾಗಲೇ ಒಳಗೆ ಇಳಿದಿರಲಿಕ್ಕಿಲ್ಲ. ಎಂಎಸ್‌ನಲ್ಲಿ ಎರಡನೆಯದು ತುಂಬ ಸಾಮಾನ್ಯ. ಕಲಿಯಲು ಹೆಚ್ಚು ಸಲ ಬೇಕಾಗುತ್ತದೆ. ಒಮ್ಮೆ ಚೆನ್ನಾಗಿ ಕಲಿತರೆ ಆಮೇಲೆ ಅನೇಕರು ಉಳಿದವರಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಮೊದಲನೆಯವರಿಗೆ ಸುಳಿವಿನ ಚೀಟಿ ನೆರವಾಗುತ್ತದೆ, ಎರಡನೆಯವರಿಗೆ ನಿಧಾನವಾಗಿ ಹೇಳಿ ಅವರಿಂದಲೇ ತಿರುಗಿ ಹೇಳಿಸಬೇಕು. ಪರಿಹಾರ ಬೇರೆ ಬೇರೆಯಾದ್ದರಿಂದ ಈ ವಿಂಗಡಣೆಗೆ ಇಷ್ಟು ಒತ್ತು.

ಕೇಳುವ ರೀತಿ

‘ನಿಮಗೆ ಮರೆವು ಇದೆಯಾ?’ ಎಂದು ಕೇಳಿದರೆ ‘ಸ್ವಲ್ಪ ಇದೆ’ ಎನ್ನುತ್ತಾರೆ, ಅಥವಾ ನಾಚಿ ‘ಏನಿಲ್ಲ’ ಎನ್ನುತ್ತಾರೆ. ಎರಡರಿಂದಲೂ ಏನೂ ತಿಳಿಯದು. ಹೀಗೆ ಕೇಳಿ ನೋಡಿ:

‘ಹೋದ ವಾರ ಯಾವ ಕೆಲಸ ಅರ್ಧಕ್ಕೇ ನಿಂತುಹೋಯ್ತು?’
‘ನಾಲ್ಕೈದು ಜನ ಒಟ್ಟಿಗೆ ಮಾತಾಡುವಾಗ ಎಲ್ಲಿ ದಾರಿ ತಪ್ಪುತ್ತೆ?’
‘ಮೊದಲು ನೀವೇ ಮಾಡ್ತಿದ್ದು, ಈಗ ಮನೇಲಿ ಬೇರೆಯವರು ಮಾಡ್ತಿರೋದು ಏನೇನು?’

ಈ ಮೂರನೆಯದನ್ನು ಯಾವತ್ತೂ ಬಿಡಬೇಡಿ. ಎಡವಟ್ಟು ಕಡಿಮೆಯಾಗಲು ಅತ್ಯಂತ ಸುಲಭದ ದಾರಿ ಆ ಕೆಲಸವನ್ನೇ ಬಿಡುವುದು. ಬ್ಯಾಂಕಿನ ವ್ಯವಹಾರ ಗಂಡನ ಕೈಗೆ ಹೋಗಿರುತ್ತದೆ, ಮಕ್ಕಳ ಹೋಂವರ್ಕ್ ತಂಗಿಯ ಕೈಗೆ. ಸ್ಕೂಟರ್ ಒಂದು ವರ್ಷದಿಂದ ನಿಂತಿರುತ್ತದೆ. ಡೈರಿ ಸ್ವಚ್ಛವಾಗಿ ಕಾಣುತ್ತದೆ, ಬದುಕು ಮಾತ್ರ ಸದ್ದಿಲ್ಲದೆ ಕಿರಿದಾಗಿರುತ್ತದೆ. ಕೈಬಿಟ್ಟ ಕೆಲಸಗಳನ್ನು ಬೇರೆ ಪುಟದಲ್ಲಿ ಬರೆದು, ಬಿಟ್ಟದ್ದು ಕೈಕಾಲಿನ ತೊಂದರೆಗೋ ತಲೆ ಗೊಂದಲಕ್ಕೋ ಎಂದು ಪಕ್ಕದಲ್ಲೇ ಗುರುತು ಹಾಕಿ.

ಹತ್ತಿರದವರನ್ನು ಬೇರೆಯಾಗಿ, ಬೇರೆ ಕೋಣೆಯಲ್ಲಿ ಕೇಳಿ. ಅತ್ತೆಯ ಎದುರಿಗೆ ಸೊಸೆ ತನ್ನ ಮರೆವಿನ ಮಾತೆತ್ತುವುದಿಲ್ಲ, ಹೆಂಡತಿಯ ಎದುರಿಗೆ ಗಂಡ ಆಫೀಸಿನ ತಪ್ಪು ಹೇಳುವುದಿಲ್ಲ. ಯಾರನ್ನು ಕೇಳುತ್ತೀರಿ ಎಂಬುದೂ ಮುಖ್ಯ. ಅಡುಗೆಮನೆಗೆ ಕಾಲಿಡದ ಗಂಡ ಅಡುಗೆಯ ಬಗ್ಗೆ ಒಳ್ಳೆಯ ಸಾಕ್ಷಿಯಲ್ಲ, ಜೊತೆಗೆ ಕೆಲಸ ಮಾಡುವ ಓರಗಿತ್ತಿ ಹೌದು.

ಬರೆದ ಪ್ರಶ್ನಾವಳಿಗಳೂ ಇವೆ. ಪಿಡಿಕ್ಯೂ ಎಂಬುದರಲ್ಲಿ 20 ಪ್ರಶ್ನೆ, ಕಳೆದ 4 ವಾರದ ಬಗ್ಗೆ, ಒಂದೊಂದಕ್ಕೂ 0ಯಿಂದ 4 ಅಂಕ. ಗಮನ, ಆದದ್ದರ ನೆನಪು, ಆಗಬೇಕಾದ್ದರ ನೆನಪು, ಯೋಜನೆ ಎಂದು ನಾಲ್ಕು ಭಾಗ. ಎಂಎಸ್‌ಎನ್‌ಕ್ಯೂ ಎಂಬುದರಲ್ಲಿ 15 ಪ್ರಶ್ನೆ, ರೋಗಿಗೊಂದು ಹಾಳೆ, ಹತ್ತಿರದವರಿಗೊಂದು ಹಾಳೆ. ಇವುಗಳ ಬಗ್ಗೆ ತಿಳಿದಿರಬೇಕಾದ ಒಂದು ಸತ್ಯ: ರೋಗಿ ತಾನೇ ತುಂಬಿದ ಅಂಕ ಪರೀಕ್ಷೆಯ ಫಲಿತಾಂಶಕ್ಕಿಂತ ಮನಸ್ಸಿನ ಬೇಸರಕ್ಕೆ ಹೆಚ್ಚು ಹೊಂದುತ್ತದೆ, ಹತ್ತಿರದವರು ತುಂಬಿದ್ದು ಪರೀಕ್ಷೆಗೆ ಹೆಚ್ಚು ಹತ್ತಿರ ಬರುತ್ತದೆ. ಅಂದಮಾತ್ರಕ್ಕೆ ರೋಗಿಯ ಮಾತು ಸುಳ್ಳಲ್ಲ. ಅದು ಬೇರೆ ನೋವನ್ನು ತೋರಿಸುತ್ತಿದೆ, ಅದಕ್ಕೂ ಚಿಕಿತ್ಸೆ ಇದೆ. ಎಂಎಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆ ಬರುತ್ತದೆ. ಹಾಗಾಗಿ ಪ್ರತಿ ಸಲವೂ ಜೊತೆಗೆ ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9 ತುಂಬಿಸಿ. 27ಕ್ಕೆ 10 ಅಥವಾ ಮೇಲೆ ಬಂದರೆ ವೈದ್ಯರಿಗೆ ತಿಳಿಸಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಯಾವ ಉತ್ತರ ಬಂದರೂ ಮಿಕ್ಕದ್ದೆಲ್ಲ ಬದಿಗಿಟ್ಟು ಅವತ್ತೇ ಮಾತಾಡಿ. ಸುಸ್ತಿಗೆ ಎಂಎಫ್‌ಐಎಸ್: 21 ಪ್ರಶ್ನೆ, ಅದರಲ್ಲಿ 10 ತಲೆಯ ದಣಿವಿನವು.

ಒಂದು ಕೆಲಸವನ್ನು ಕೂತು ನೋಡುವುದು

ಕ್ಲಿನಿಕ್ಕಿನ ಶಾಂತ ಕೋಣೆಯಲ್ಲಿ ಒಂದೇ ಕಾಗದ, ಒಂದೇ ಕೆಲಸ, ಎದುರಿಗೆ ಒಬ್ಬರೇ. ಮನೆ ಹಾಗಿರುವುದಿಲ್ಲ. ಹಾಗಾಗಿ ಅವರು ನಿಜವಾಗಿ ಮಾಡುವ ಒಂದು ಕೆಲಸವನ್ನು ಅವರ ಮನೆಯಲ್ಲೇ ನೋಡಬೇಕು. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಲು ನೆರವಾಗುವ ತಜ್ಞರು) ನೋಡಿದರೆ ಒಳ್ಳೆಯದು, ಸಿಗದಿದ್ದರೆ ಮನೆಯವರೊಬ್ಬರು ಕಲಿತು ನೋಡಬಹುದು. ಇಪ್ಪತ್ತರಿಂದ ನಲವತ್ತು ನಿಮಿಷದ್ದು, ಏಳೆಂಟು ಹಂತದ್ದು, ನಡುವೆ ಕಾಯುವ ಹೊತ್ತಿರುವಂಥದ್ದು ಆರಿಸಿ. ಅಡುಗೆ ಮಾಡದವರಿಗೆ ತಿಂಗಳ ಖರ್ಚಿನ ಲೆಕ್ಕ, ಅಂಗಡಿಯ ಸ್ಟಾಕ್ ಎಣಿಕೆ, ಆನ್‌ಲೈನಿನಲ್ಲಿ ರೈಲಿನ ಟಿಕೆಟ್ ಯಾವುದಾದರೂ ಆಗುತ್ತದೆ. ಇಲ್ಲಿ ಬೇಳೆ ಸಾರನ್ನು ತೆಗೆದುಕೊಳ್ಳೋಣ.

ನೋಡುವವರ ಹಾಳೆಯಲ್ಲಿ ಹಂತಗಳನ್ನು ಮೊದಲೇ ಬರೆದಿಡಿ, ಆ ಮನೆಯ ಕ್ರಮದಲ್ಲೇ: ಹುಣಸೆ ನೆನೆಹಾಕುವುದು, ಬೇಳೆ ತೊಳೆದು ಅರಿಶಿನದೊಂದಿಗೆ ಕುಕ್ಕರಿಗಿಡುವುದು, ಟೊಮೆಟೊ ಹೆಚ್ಚುವುದು, ಮೂರು ವಿಷಲ್‌ಗೆ ಆರಿಸುವುದು, ಹುಣಸೆ ರಸ ಹಿಂಡುವುದು, ಬೇಳೆ ಕಡೆದು ಸಾರಿನ ಪುಡಿ, ಉಪ್ಪು, ಬೆಲ್ಲ ಹಾಕಿ ಕುದಿಸುವುದು, ಒಗ್ಗರಣೆ, ಎರಡೂ ಒಲೆ ಆರಿದೆಯೇ ನೋಡುವುದು. ಶುರುವಿಗೆ ಮುಂಚೆ ಎರಡು ಮಾತು ಕೇಳಿ ಬರೆದುಕೊಳ್ಳಿ: ‘ಎಷ್ಟು ಹೊತ್ತಾಗಬಹುದು?’ ‘ಎಲ್ಲಿ ತೊಡಕಾಗಬಹುದು ಅನ್ಸುತ್ತೆ?’ ಜೊತೆಗೆ ಒಂದು ಕೋರಿಕೆ: ‘ಒಗ್ಗರಣೆ ಹಾಕಿದ ತಕ್ಷಣ ನನಗೊಂದು ಲೋಟ ನೀರು ಕೊಡಿ.’ ಇದನ್ನು ಮತ್ತೆ ನೆನಪಿಸಬೇಡಿ. ಮುಂದೆ ಮಾಡಬೇಕಾದ್ದು ಸರಿಯಾದ ಹೊತ್ತಿಗೆ ಹೊಳೆಯುತ್ತದೆಯೇ ಎಂದು ಆ ಲೋಟ ಹೇಳುತ್ತದೆ.

ಎರಡನೆಯ ವಿಷಲ್ ಆದ ಕೂಡಲೇ ಯೋಚಿಸಿ ಉತ್ತರಿಸಬೇಕಾದ ಒಂದು ಪ್ರಶ್ನೆ ಕೇಳಿ: ‘ಭಾನುವಾರ ಊಟಕ್ಕೆ ಯಾರ್ಯಾರು ಬರ್ತಾರೆ, ಎಷ್ಟು ಅಕ್ಕಿ ಬೇಕಾಗುತ್ತೆ?’ ಉತ್ತರ ಕೊಡುತ್ತಾ ವಿಷಲ್ ಲೆಕ್ಕ ಇಟ್ಟುಕೊಂಡರೇ, ‘ಇರಿ, ಇದಾಗಲಿ’ ಎಂದು ತಡೆದರೇ, ಇಲ್ಲ ಲೆಕ್ಕ ತಪ್ಪಿತೇ? ತಡೆಯುವುದು ತಪ್ಪಲ್ಲ, ಒಳ್ಳೆಯ ಉಪಾಯ. ಹಾಗೆಂದೇ ಬರೆಯಿರಿ.

ಸಹಾಯಕ್ಕೆ ಅಂಕ ಕೊಡುವ ರೀತಿಯನ್ನು ಇಎಫ್‌ಪಿಟಿ ಎಂಬ ಪರೀಕ್ಷೆಯಿಂದ ತೆಗೆದುಕೊಳ್ಳಬಹುದು. ಪ್ರತಿ ಹಂತಕ್ಕೂ, ತಾನೇ ಮಾಡಿದರೆ 0, ‘ಮುಂದೇನು?’ ಎಂಬಂಥ ಸುಳಿವು ಬೇಕಾದರೆ 1, ಕೈತೋರಿಸಬೇಕಾದರೆ 2, ‘ಈಗ ಉಪ್ಪು ಹಾಕಿ’ ಎಂದು ನೇರ ಹೇಳಬೇಕಾದರೆ 3, ಕೈಹಿಡಿದು ನೆರವಾದರೆ 4, ನೀವೇ ಮಾಡಬೇಕಾಗಿ ಬಂದರೆ 5. ಹಂತ ಬಿಟ್ಟದ್ದು, ಹಿಂದುಮುಂದಾದದ್ದು, ಎರಡು ಸಲ ಆದದ್ದು (ಉಪ್ಪು ಇದಕ್ಕೆ ಹೆಸರುವಾಸಿ) ಬೇರೆ ಗುರುತಿಸಿ. ತಪ್ಪನ್ನು ತಾವೇ ಕಂಡು ಸರಿಮಾಡಿಕೊಂಡರೆ ಅದನ್ನು ಎದ್ದುಕಾಣುವಂತೆ ಬರೆಯಿರಿ. ಒಬ್ಬರೇ ಇರಬಹುದೇ ಎಂಬ ಪ್ರಶ್ನೆಗೆ, ತಪ್ಪು ಎಷ್ಟಾಯಿತು ಎಂಬುದಕ್ಕಿಂತ, ತಪ್ಪನ್ನು ತಾವೇ ಕಂಡರೇ ಎಂಬುದು ಹೆಚ್ಚು ಉತ್ತರ ಕೊಡುತ್ತದೆ.

ನೋಡುವವರು ಮಾಡುವ ದೊಡ್ಡ ತಪ್ಪು ಬೇಗ ಬಾಯಿ ಹಾಕುವುದು. ಕೈ ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ನಿಧಾನವೇ ತೊಂದರೆಯಾದವರಿಗೆ ಆ ಹತ್ತು ಸೆಕೆಂಡೇ ಸಾಕಾಗಬಹುದು, ನೀವು ಎರಡನೆಯ ಸೆಕೆಂಡಿಗೇ ಹೇಳಿಬಿಟ್ಟರೆ ಆಗದವರೆಂದು ದಾಖಲಾಗುತ್ತದೆ. ಅಪಾಯವಿದ್ದರೆ ಮಾತ್ರ ಕಾಯಬೇಡಿ: ಗ್ಯಾಸ್ ತಿರುಗಿಸಿ ಹೊತ್ತಿಸದಿದ್ದರೆ, ಎಣ್ಣೆ ಹೊಗೆಯಾಡಿದರೆ, ಕುಕ್ಕರ್ ಒತ್ತಡ ಇಳಿಯದೆ ಮುಚ್ಚಳಕ್ಕೆ ಕೈಹಾಕಿದರೆ ತಕ್ಷಣ ತಡೆಯಿರಿ. ಬೆರಳಿನ ಸ್ಪರ್ಶ ಕಡಿಮೆಯಿರುವವರಿಗೆ ಸುಟ್ಟದ್ದು ತಿಳಿಯದೆ ಹೋಗಬಹುದು. ಸ್ಟೂಲ್ ಹಾಕಿ, ಕಿಟಕಿ ತೆರೆದಿಡಿ. ಕೈನಡುಕದಿಂದ ಸೌಟು ಜಾರಿದ್ದು ಮರೆವಿನ ಲೆಕ್ಕಕ್ಕೆ ಸೇರುವುದಿಲ್ಲ.

ಮುಗಿದ ಮೇಲೆ ‘ಹೇಗಾಯ್ತು?’ ಎಂದು ಕೇಳಿ ಮೊದಲಿನ ಅಂದಾಜಿನ ಪಕ್ಕದಲ್ಲಿ ಬರೆಯಿರಿ. ಇನ್ನೊಂದು ದಿನ ಅದೇ ಕೆಲಸವನ್ನು ಟಿವಿ, ಫೋನ್ ಆರಿಸಿ, ಯಾರೂ ಮಾತಾಡಿಸದೆ ಮಾಡಿಸಿ. ಎರಡು ದಿನದ ಅಂಕದ ಅಂತರವೇ ಗದ್ದಲದ ಬೆಲೆ. ಎಷ್ಟೋ ಮನೆಗಳಲ್ಲಿ ಅರ್ಧ ತೊಂದರೆ ಟಿವಿ ಆರಿಸಿದರೇ ಕಡಿಮೆಯಾಗಬಹುದು. ಇದನ್ನು ಮನೆಯವರ ಕಣ್ಣಿಗೆ ಕಾಣುವ ಹಾಗೆ ತೋರಿಸಲು ಬೇರೆ ದಾರಿಯಿಲ್ಲ.

ಕ್ಲಿನಿಕ್ಕಿನ ಪರೀಕ್ಷೆ

ಎಂಎಂಎಸ್‌ಇ ಎಂಬ ಚಿಕ್ಕ ಪ್ರಶ್ನೋತ್ತರ ಪರೀಕ್ಷೆ ಒಂದನ್ನೇ ಮಾಡಿ ‘ನಾರ್ಮಲ್’ ಎಂದು ಬರೆದರೆ ಒಪ್ಪಬೇಡಿ. ಇವತ್ತು ಯಾವ ವಾರ, ಇದು ಯಾವ ಊರು ಎಂಬ ಪ್ರಶ್ನೆಗಳು ಡಿಮೆನ್ಷಿಯಾಗೆ ಸರಿ. ಮೂವತ್ತೈದರ ಎಂಎಸ್ ರೋಗಿ 30ಕ್ಕೆ 29 ತೆಗೆದು ಆಫೀಸಿನಲ್ಲಿ ಒದ್ದಾಡುತ್ತಿರಬಹುದು, ಯಾಕೆಂದರೆ ಅಲ್ಲಿ ಯಾರೂ ಗಡಿಯಾರ ಹಿಡಿದು ವೇಗ ನೋಡಲಿಲ್ಲ.

ಕೇಳಬೇಕಾದ್ದು ಎಸ್‌ಡಿಎಂಟಿ. ಹಾಳೆಯ ಮೇಲ್ಭಾಗದಲ್ಲಿ ಒಂಬತ್ತು ಚಿಹ್ನೆ, ಒಂದೊಂದರ ಕೆಳಗೂ 1ರಿಂದ 9ರೊಳಗಿನ ಒಂದು ಅಂಕಿ. ಕೆಳಗೆ ಬರೀ ಚಿಹ್ನೆಗಳ ಸಾಲು. 90 ಸೆಕೆಂಡಿನಲ್ಲಿ ಕ್ರಮವಾಗಿ ಎಷ್ಟು ಚಿಹ್ನೆಗೆ ಸರಿಯಾದ ಅಂಕಿ ಹೇಳಿದರು ಎಂಬುದೇ ಅಂಕ, ಹೆಚ್ಚೆಂದರೆ 110. ಕೈ ಸೋತವರಿಗೆ ಅನ್ಯಾಯವಾಗದಂತೆ ಬಾಯಲ್ಲಿ ಹೇಳಿಸುವ ರೂಪವನ್ನೇ ಬಳಸಬೇಕು. ಅಮೆರಿಕದ ನ್ಯಾಷನಲ್ ಎಂಎಸ್ ಸೊಸೈಟಿ 2018ರಲ್ಲಿ ಮಾಡಿದ ಶಿಫಾರಸೂ ಇದೇ: ಕಾಯಿಲೆ ಸ್ಥಿರವಾಗಿರುವಾಗ ಎಸ್‌ಡಿಎಂಟಿ ಅಥವಾ ಅಂಥದೇ ಪರೀಕ್ಷೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದೇ ಪರೀಕ್ಷೆ.

ಕನ್ನಡದವರೊಂದಿಗೆ ಇದನ್ನು ಮಾಡುವಾಗ ಕೆಲವು ಸೂಕ್ಷ್ಮಗಳಿವೆ. ಅಂಕಿಯನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಮನೆಮಾತು ಕನ್ನಡವೋ ತುಳುವೋ ಉರ್ದುವೋ, ಫೋನ್ ನಂಬರ್ ಹೇಳುವಾಗ ‘ನೈನ್ ಏಟ್’ ಎನ್ನುವವರೇ ಪೇಟೆಯಲ್ಲಿ ಹೆಚ್ಚು. ಅವರಿಗೆ ‘ಒಂಬತ್ತು, ಎಂಟು’ ಎನ್ನಲೇಬೇಕೆಂದರೆ ಪ್ರತಿ ಉತ್ತರಕ್ಕೂ ಒಂದು ಅನುವಾದ ಸೇರಿ ಅಂಕ ಬೀಳುತ್ತದೆ. ಸಲೀಸಾದ ಭಾಷೆಯಲ್ಲಿ ಹೇಳಲಿ, ಯಾವ ಭಾಷೆ ಎಂದು ಹಾಳೆಯ ಮೇಲೆ ಬರೆಯಿರಿ, ಮುಂದಿನ ವರ್ಷವೂ ಅದೇ ಇರಲಿ. ಆಪ್ಟಿಕ್ ನ್ಯೂರೈಟಿಸ್ (ಕಣ್ಣಿನ ನರದ ಉರಿಯೂತ) ಆದವರಿಗೆ ಚಿಹ್ನೆ ಮಸುಕಾಗಿ ಕಾಣಬಹುದು. ಓದುವ ಕನ್ನಡಕ ತಂದಿದ್ದಾರೆಯೇ, ಮೊದಲ ಸಾಲಿನ ಚಿಹ್ನೆಗಳು ಬೇರೆ ಬೇರೆಯಾಗಿ ಕಾಣುತ್ತವೆಯೇ ಎಂದು ಕೇಳಿಯೇ ಗಡಿಯಾರ ಒತ್ತಬೇಕು. ನಾಲಿಗೆ ತೊದಲುವವರಲ್ಲಿ ನಿಧಾನ ತಲೆಯದೋ ಬಾಯಿಯದೋ ತಿಳಿಯಲು 1ರಿಂದ 9 ಬೇಗ ಬೇಗ ಹೇಳಿಸಿ ನೋಡಿ. 30 ಮತ್ತು 60ನೆಯ ಸೆಕೆಂಡಿನಲ್ಲಿ ಎಲ್ಲಿದ್ದರೆಂದು ಸಣ್ಣ ಗೆರೆ ಎಳೆದರೆ, ಕೊನೆಯ ಭಾಗದಲ್ಲಿ ಕುಸಿಯುವ ದಣಿವೂ ಕಣ್ಣಿಗೆ ಬೀಳುತ್ತದೆ.

ಮನೆಯಲ್ಲಿ ಇಂಟರ್ನೆಟ್ಟಿನಿಂದ ಇಂಥ ಹಾಳೆ ಇಳಿಸಿಕೊಂಡು ಅಭ್ಯಾಸ ಮಾಡಿಸಬೇಡಿ. ಅಭ್ಯಾಸದಿಂದ ಅಂಕ ಏರುತ್ತದೆ, ಕಾಯಿಲೆ ಮುಂದುವರಿದದ್ದು ಅದರಡಿ ಮುಚ್ಚಿಹೋಗುತ್ತದೆ. ಕ್ಲಿನಿಕ್ಕಿನಲ್ಲೂ ಎರಡನೆಯ ಸಲಕ್ಕೆ ಬದಲಿ ಹಾಳೆ ಬಳಸುತ್ತಾರೆಯೇ ಕೇಳಿ.

ಇನ್ನೂ ಹದಿನೈದು ನಿಮಿಷವಿದ್ದರೆ 2012ರಲ್ಲಿ ರೂಪಿಸಿದ ಬಿಕ್ಯಾಮ್ಸ್. ಇದರಲ್ಲಿ ಎಸ್‌ಡಿಎಂಟಿಯ ಜೊತೆ 16 ಪದಗಳ ಪಟ್ಟಿಯನ್ನು ಐದು ಸಲ ಕೇಳಿಸಿ ಹೇಳಿಸುವುದು, ಆರು ಆಕೃತಿಗಳ ಹಾಳೆಯನ್ನು 10 ಸೆಕೆಂಡು ತೋರಿಸಿ ಬರೆಸುವುದು ಮೂರು ಸಲ. ಪದಗಳ ಪಟ್ಟಿಯನ್ನು ಅಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕಿಳಿಸಿ ಓದಿದರೆ ಕೆಟ್ಟಿತು. ಎರಡಕ್ಷರದ ಪದ ಐದಕ್ಷರವಾಗುತ್ತದೆ, ದಿನಾ ಬಳಸುವ ಪದ ಅಪರೂಪದ್ದಾಗುತ್ತದೆ, ಅಲ್ಲಿಯ ಅಂಕದೊಂದಿಗೆ ಹೋಲಿಸುವಂತಿಲ್ಲ. ಆಳವಾಗಿ ನೋಡಬೇಕಾದಾಗ, ಉದ್ಯೋಗದ ಪ್ರಶ್ನೆ ಇದ್ದಾಗ ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನ್ಯೂರೋಸೈಕಾಲಜಿ ಬ್ಯಾಟರಿ (ನೆನಪು, ಗಮನ, ಯೋಚನೆ ನೋಡುವ ಪರೀಕ್ಷೆಗಳ ಗುಚ್ಛ) ನಮ್ಮವರಿಗೆ ಹೆಚ್ಚು ಹೊಂದುತ್ತದೆ. ವಯಸ್ಸು, ಲಿಂಗ, ಓದಿನ ಪ್ರಕಾರ ಭಾರತೀಯರದೇ ಸರಾಸರಿ ಅದರಲ್ಲಿದೆ. ಏಳನೆಯ ತರಗತಿ ಓದಿದ ರೈತ ಮಹಿಳೆಯನ್ನು ಅಮೆರಿಕದ ಪದವೀಧರರ ಸರಾಸರಿಗೆ ಹೋಲಿಸಿ ‘ದುರ್ಬಲ’ ಎಂದು ಬರೆಯುವುದು ಅಳತೆಯಲ್ಲ, ಅನ್ಯಾಯ.

ಕೂಡಿಸಿ ಓದುವುದು

ಎಸ್‌ಡಿಎಂಟಿಯಲ್ಲಿ ತನ್ನದೇ ಹಿಂದಿನ ಅಂಕಕ್ಕಿಂತ 4 ಅಥವಾ ಹೆಚ್ಚು ಇಳಿದರೆ ಅದನ್ನು ಬದುಕಿನಲ್ಲಿ ಅರ್ಥವಿರುವ ಬದಲಾವಣೆ ಎಂದು ಎಣಿಸುವ ರೂಢಿಯಿದೆ. ಆದರೆ ಒಂದು ರಾತ್ರಿ ನಿದ್ದೆಗೆಟ್ಟರೂ ಅಷ್ಟು ಇಳಿಯಬಹುದು. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಿಯೇ ತೀರ್ಮಾನಿಸಿ.

ರೋಗಿ ತುಂಬ ತೊಂದರೆ ಹೇಳುತ್ತಾರೆ, ಮನೆಯವರಿಗೆ ಕಾಣುತ್ತಿಲ್ಲ, ಪರೀಕ್ಷೆ ಚೆನ್ನಾಗಿದೆ ಎಂದಾದರೆ ಮೊದಲು ಖಿನ್ನತೆ, ಸುಸ್ತು, ನಿದ್ದೆಯ ಕಡೆ ನೋಡಿ. ಜೊತೆಗೆ ಅವರ ಉದ್ಯೋಗವನ್ನೂ ಕೇಳಿ: ದಿನಕ್ಕೆ ನೂರು ಇಮೇಲ್ ನೋಡುವವರಿಗೆ ಪರೀಕ್ಷೆ ಹಿಡಿಯಲಾರದ ಸಣ್ಣ ಇಳಿತವೂ ದೊಡ್ಡದು. ರೋಗಿ ‘ಏನೂ ಇಲ್ಲ’ ಎನ್ನುತ್ತಾರೆ, ಮನೆಯವರು ಕಂಗಾಲಾಗಿದ್ದಾರೆ, ಪರೀಕ್ಷೆಯೂ ಇಳಿದಿದೆ ಎಂದಾದರೆ ಅವರಿಗೆ ತಮ್ಮ ತಪ್ಪು ಕಾಣುತ್ತಿಲ್ಲ. ಗಾಡಿ, ಗ್ಯಾಸ್, ದುಡ್ಡು ಈ ಮೂರರ ವ್ಯವಸ್ಥೆ ಮೊದಲು ಆಗಬೇಕು. ಶಾಂತ ಕೋಣೆಯಲ್ಲಿ ಚೆನ್ನಾಗಿ ಮಾಡಿ, ಸಾರಿನ ದಿನ ಎಡವಿದವರಿಗೆ ಮಾತ್ರೆ ಹುಡುಕುವ ಮೊದಲು ಮನೆಯ ಗದ್ದಲ ಬದಲಿಸಿ. ಡೈರಿಯಲ್ಲಿ ಎಡವಟ್ಟುಗಳೆಲ್ಲ ಸಂಜೆ ನಾಲ್ಕರ ಮೇಲೇ ಇದ್ದರೆ ತಲೆಕೆಲಸಗಳನ್ನು ಬೆಳಗಿಗೆ ತನ್ನಿ.

ವೈದ್ಯರಿಗೆ ಒಂದೇ ಪುಟ ಕೊಡಿ. ಮೇಲೆ ಬದುಕಿಗೆ ಹೆಚ್ಚು ತೊಡಕಾದ ಮೂರು ಕೆಲಸ, ಒಂದೊಂದಕ್ಕೂ ಡೈರಿಯ ಒಂದು ಸಾಲು. ಆಮೇಲೆ ಸಾರಿನ ಕೆಲಸದ ಎರಡು ದಿನದ ಅಂಕ, ಪಿಎಚ್‌ಕ್ಯೂ-9, ನಿದ್ದೆಯ ಸರಾಸರಿ, ಮಾತ್ರೆಗಳ ಪಟ್ಟಿ. ಇದು ಓದಲು ಎರಡು ನಿಮಿಷ ಸಾಕು.

ಉದ್ಯೋಗಕ್ಕೂ ಓದಿಗೂ ಈ ಕಾಗದಗಳು ಬೇಕಾಗುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹೇಳಿಯೇ ಸೇರಿದೆ. ಪ್ರಮಾಣಪತ್ರದಲ್ಲಿ 40 ಪ್ರತಿಶತ ಅಥವಾ ಹೆಚ್ಚಿದ್ದರೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೇಳಬಹುದು. ಆಫೀಸಿನಲ್ಲಿ ಕೇಳುವಾಗ ‘ಮರೆವಿದೆ’ ಎನ್ನುವುದಕ್ಕಿಂತ ‘ಬಾಯಲ್ಲಿ ಹೇಳಿದ ಕೆಲಸವನ್ನು ಇಮೇಲಿನಲ್ಲೂ ಕಳಿಸಿ, ಮೀಟಿಂಗ್ ಬೆಳಿಗ್ಗೆ ಇಡಿ’ ಎಂದು ಡೈರಿಯ ಆಧಾರದಲ್ಲಿ ಕೇಳಿದರೆ ಒಪ್ಪಲು ಸುಲಭ. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲಿ ಶಾಖೆಯಿದೆ, ಪ್ರಮಾಣಪತ್ರದ ಓಡಾಟದ ಬಗ್ಗೆ ಅಲ್ಲಿ ವಿಚಾರಿಸಬಹುದು.

ಎಲ್ಲ ಹಾಳೆಗಳನ್ನೂ ಒಂದೇ ಫೈಲಿನಲ್ಲಿ ಹಾಕಿ. ಮೇಲಿನ ಪುಟದಲ್ಲಿ ಪರೀಕ್ಷೆಯ ದಿನ, ಹೊತ್ತು, ಕೋಣೆ, ಅಂಕಿ ಹೇಳಿದ ಭಾಷೆ, ಬಳಸಿದ ಹಾಳೆಯ ರೂಪ, ಹಿಂದಿನ ರಾತ್ರಿಯ ನಿದ್ದೆ, ಕೊನೆಯ ಅಟ್ಯಾಕ್ ಆಗಿ ಎಷ್ಟು ತಿಂಗಳಾಯಿತೆಂದು ಬರೆಯಿರಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಬೆಳಗಿನ ಹೊತ್ತಿಗೆ ಅಪಾಯಿಂಟ್‌ಮೆಂಟ್ ಈಗಲೇ ಹಾಕಿಸಿ, ಫೋನಿನಲ್ಲಿ ಎರಡು ರಿಮೈಂಡರ್ ಇಡಿ: ಒಂದು ಹಿಂದಿನ ದಿನಕ್ಕೆ, ಇನ್ನೊಂದು ಮೂರು ವಾರ ಮುಂಚೆ, ಡೈರಿ ಶುರುಮಾಡಲು.